ಶೇಕಡಾ ನೂರರಷ್ಟು ಅಸಲಿ ನಕಲು

17ನೇ ಶತಮಾನದ ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸ್ ಆಸ್ಥಾನದ ಒಬ್ಬ ಡಚೆಸ್ ನಿಮ್ಮ ಸೋಫಾದ ಮೇಲಿನ ಗೋಡೆಗೆ ಬೇಕೆಂದರೆ ಈಗ ಏನೂ ತಾಪತ್ರಯವಿಲ್ಲ. ಆರ್ಡರ್ ಕೊಟ್ಟರೆ ಹಳೆಯ ತೈಲಚಿತ್ರದ ನಕಲಾಗಿ ಮೂರು ವಾರದಲ್ಲಿ ಸುರುಳಿ ಸುತ್ತಿಕೊಂಡು ಬಂದಿಳಿಯುತ್ತಾಳೆ. 'ಪೂರ್ತಿ ಕೈಯಲ್ಲೇ ಬಿಡಿಸಿದ್ದು', 'ಮ್ಯೂಸಿಯಂ ಗುಣಮಟ್ಟ' ಎಂಬ ಬಿರುದುಗಳ ಜೊತೆಗೆ ಅಸಲಿತನದ ಪ್ರಮಾಣಪತ್ರವೂ ಬರುತ್ತದೆ. ಯಾವುದರ ಅಸಲಿತನ ಎಂದು ಕೇಳಬೇಡಿ. ಇದು ನಕಲೇ ಹೌದು, ನಕಲಿನ ನಕಲಲ್ಲ ಎಂದು ಮಾರಿದವನೇ ಸಹಿ ಹಾಕಿ ಕೊಟ್ಟ ಕಾಗದ ಅದು. ಬಿಡಿಸಿದವನ ಹೆಸರಿಗೆ ಅದರಲ್ಲಿ ಜಾಗವಿಲ್ಲ. ಇನ್ನು ಮ್ಯೂಸಿಯಂ ಗುಣಮಟ್ಟ. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಮ್ಮಿನಲ್ಲಿ ಕೂತು ನಕಲು ಮಾಡುವವರಿಗೆ ಅನುಮತಿಪತ್ರ ಬೇಕು. ನಕಲು ಮೂಲದ ಅಳತೆಯಲ್ಲೇ ಇರಕೂಡದು, ಮೂಲದ ಸಹಿಯನ್ನು ಮುಟ್ಟಕೂಡದು. ಮ್ಯೂಸಿಯಮ್ಮಿನವರು ನಕಲು ನಕಲಾಗಿಯೇ ಕಾಣಲಿ ಅನ್ನುತ್ತಾರೆ. ಅಂಗಡಿಯವರು ಹಾಗೆ ಕಾಣದಿರಲಿ ಎಂದು ಅವರದೇ ಹೆಸರು ಬಳಸುತ್ತಾರೆ.

ಅಳತೆಯ ವಿಷಯಕ್ಕೆ ಬಂದರೆ, ಮಂಡಿಯವರೆಗಿನ ಭಾವಚಿತ್ರಕ್ಕೆ ಆ ಕಾಲದ ಇಂಗ್ಲೆಂಡಿನಲ್ಲಿ 50x40 ಇಂಚಿನ ಕ್ಯಾನ್ವಾಸ್ ರೂಢಿ. ಅಂಗಡಿಯ ಪಟ್ಟಿಯಲ್ಲಿ ಸಲೀಸಾಗಿ ಸಿಗುವುದು 36x24. 36 ಇಂಚು ಎತ್ತರಕ್ಕೆ ಅಗಲ 28.8 ಇಂಚು ಇರಬೇಕಾಗಿತ್ತು. ಹಾಗಾಗಿ ಸುಮಾರು ಐದಿಂಚು, ಅಂದರೆ ಅಗಲದ ಆರನೇ ಒಂದು ಪಾಲು, ಕತ್ತರಿಗೆ ಹೋಗುತ್ತದೆ. ಹೋಗುವುದು ಮೊಣಕೈ, ಇಲ್ಲವೇ ಹೂ ಹಿಡಿದ ಬೆರಳು. ಕತ್ತರಿಸಲು ಮನಸ್ಸಾಗದ ದಯಾಳುಗಳು ಚಿತ್ರವನ್ನೇ ಅಡ್ಡಕ್ಕೆ ಒತ್ತುತ್ತಾರೆ. ಡಚೆಸ್ ಖರ್ಚಿಲ್ಲದೆ ತೆಳ್ಳಗಾಗುತ್ತಾಳೆ.

ಬಣ್ಣದ್ದು ಇನ್ನೂ ದೊಡ್ಡ ರಾಮಾಯಣ. ನಕಲುಗಾರನ ಮುಂದಿರುವುದು ಚಿತ್ರವಲ್ಲ, ಮೊಬೈಲಿನಲ್ಲಿ ತೆರೆದ ಒಂದು ಫೋಟೊ. ಮೂಲ ಚಿತ್ರದ ಮೇಲೆ ಬಳಿದ ಹಳೆಯ ಮ್ಯಾಸ್ಟಿಕ್ (ಮರದ ಅಂಟಿನ) ವಾರ್ನಿಷ್ ಕಾಲಕ್ರಮದಲ್ಲಿ ಹಳದಿಗಟ್ಟುತ್ತದೆ. ಫೋಟೊದಲ್ಲಿ ಅದೂ ಮೈಬಣ್ಣವಾಗಿಯೇ ಕಾಣುವುದರಿಂದ ನಕಲಿನಲ್ಲಿ ಆಸ್ಥಾನಕ್ಕೆ ಆಸ್ಥಾನವೇ ಕಾಮಾಲೆ ಹಿಡಿದು ಕೂರುತ್ತದೆ. ಸ್ಮಾಲ್ಟ್ ಎಂಬ ಕೋಬಾಲ್ಟ್ ಗಾಜಿನ ಪುಡಿಯಿಂದ ಬಳಿದ ನೀಲಿ ಎಣ್ಣೆಯಲ್ಲಿ ಕಾಲಾಂತರಕ್ಕೆ ಬೂದಿಯಾಗುತ್ತದೆ. ಆ ಬೂದಿಯನ್ನೂ ಶ್ರದ್ಧೆಯಿಂದ ಇಳಿಸಿ 'ಮೂಲದ ಬಣ್ಣ' ಅನ್ನುತ್ತಾರೆ. ಮೂಲದಲ್ಲಿ ಚರ್ಮಕ್ಕೆ ಬಳಸಿದ್ದು ಸೀಸದ ಬಿಳಿ: ಬೆಚ್ಚಗಿನ, ತುಸು ಪಾರದರ್ಶಕ, ಬೇಗ ಒಣಗುವ ಬಣ್ಣ. ನಕಲಿನಲ್ಲಿರುವುದು 20ನೇ ಶತಮಾನದ ಕೂಸಾದ ಟೈಟಾನಿಯಂ ಬಿಳಿ. ಅದು ತಣ್ಣಗಿನ, ಕೆಳಗಿನ ಪದರವನ್ನೆಲ್ಲ ಮುಚ್ಚಿಹಾಕುವ ಬಣ್ಣ. ಆದ್ದರಿಂದಲೇ ಕೆನ್ನೆಗೆ ಸುಣ್ಣದ ಗೋಡೆಯ ಕಳೆ.

ಸ್ಯಾಟಿನ್ ಬಟ್ಟೆಯ ಗುಟ್ಟು ಹೊಳಪಿನಲ್ಲಿಲ್ಲ, ನೆರಳಿನಲ್ಲಿದೆ. ನಡುಬಣ್ಣ ಮೊದಲು, ಆಮೇಲೆ ಮಡಿಕೆಯ ಗಾಢ ನೆರಳು, ಆ ನೆರಳಿನೊಳಗೆ ಪಕ್ಕದ ಮಡಿಕೆಯಿಂದ ಚಿಮ್ಮಿ ಬಂದ ಮಂದ ಬೆಳಕು, ಎಲ್ಲಕ್ಕೂ ಕೊನೆಗೆ ಕಡಿಮೆ ಜಾಗದಲ್ಲಿ ದಪ್ಪ ಬಿಳಿ. ಪ್ರತಿಫಲಿಸಿದ ಬೆಳಕನ್ನು ಬಿಟ್ಟು ಬರೀ ಬಿಳಿ ಗೆರೆ ಎಳೆದರೆ ಮಳೆಗಾಲದಲ್ಲಿ ಸ್ಕೂಟರಿಗೆ ಹೊದಿಸಿದ ಟಾರ್ಪಾಲಿನಂತೆ ಕಾಣುತ್ತದೆ. ಮುತ್ತಿನ ಹಾರದ ಕತೆಯೂ ಇದೇ. ಮುತ್ತೆಂದರೆ ಬೂದು. ಬೆಳಕಿನ ಕಡೆ ಒಂದು ಚುಕ್ಕೆ, ಎದುರು ಅಂಚಿನಲ್ಲಿ ಚರ್ಮದ ಬಣ್ಣದ ಪ್ರತಿಫಲನ, ಕೆಳಗೆ ಕತ್ತಿನ ಮೇಲೊಂದು ಸಣ್ಣ ನೆರಳು. ನೆರಳು ಬಿಟ್ಟುಹೋದರೆ ಹಾರ ಕತ್ತಿನ ಮುಂದೆ ಗಾಳಿಯಲ್ಲಿ ತೇಲುತ್ತದೆ.

ಇಷ್ಟೆಲ್ಲ ಮೂರು ವಾರದಲ್ಲಿ. ತೈಲವರ್ಣ ಪೂರ್ತಿ ಒಣಗಿ ಕೊನೆಯ ವಾರ್ನಿಷ್‌ಗೆ ಸಿದ್ಧವಾಗಲು ಆರು ತಿಂಗಳಿಂದ ಒಂದು ವರ್ಷ ಬೇಕು. ನಮ್ಮ ಡಚೆಸ್ ಹಸಿಯಾಗಿಯೇ ವಾರ್ನಿಷ್ ಹಚ್ಚಿಸಿಕೊಂಡು, ಸಣ್ಣ ಕೊಳವೆಯಲ್ಲಿ ಬಣ್ಣ ಒಳಮುಖವಾಗಿ ಸುತ್ತಿಸಿಕೊಂಡು ಹೊರಡುತ್ತಾಳೆ. ಸುತ್ತುವುದಾದರೆ ದಪ್ಪ ಕೊಳವೆಯ ಮೇಲೆ, ಬಣ್ಣ ಹೊರಮುಖವಾಗಿ ಸುತ್ತಬೇಕು. ಒಳಮುಖವಾದರೆ ಪದರ ಒತ್ತಿಕೊಂಡು ಸುಕ್ಕಾಗುತ್ತದೆ. ಆದರೆ ಬಿರುಕು ಬಿಟ್ಟರೂ ನಷ್ಟವಿಲ್ಲ. 'ಪ್ರಾಚೀನ ಬಿರುಕು' ಬೇಕೆಂದರೆ ಬೇರೆಯಾಗಿ ದುಡ್ಡು ತೆಗೆದುಕೊಳ್ಳುತ್ತಾರೆ, ಇಲ್ಲಿ ಅದು ಪುಕ್ಕಟೆ. ಕೆಲವರಂತೂ ಕ್ಯಾನ್ವಾಸಿನ ಮೇಲೆ ಮುದ್ರಿಸಿ, ಮೇಲೆ ಪಾರದರ್ಶಕ ಜೆಲ್ ಬಳಿದು, ಕುಂಚದ ಗೀಟು ಮೂಡಿಸಿ ಕಳಿಸುತ್ತಾರೆ. 10 ಪಟ್ಟು ಹಿಗ್ಗಿಸುವ ಭೂತಗನ್ನಡಿ ಹಿಡಿದರೆ ಸಾಕು. ಗೀಟು ಒಂದು ದಿಕ್ಕಿಗೆ, ಮೂಗು ಇನ್ನೊಂದು ದಿಕ್ಕಿಗೆ, ಕೆಳಗೆಲ್ಲ ಶಾಯಿಯ ಚುಕ್ಕೆ. ಜೆಲ್ ಬಳಿದದ್ದಂತೂ ಕೈಯಲ್ಲೇ. ಮಾತಿಗೆ ತಪ್ಪಿದರು ಅನ್ನುವ ಹಾಗಿಲ್ಲ.

ಹಾಗಾದರೆ 'ಮೂಲ'ದ ಪಾವಿತ್ರ್ಯ ಎಷ್ಟರದು? ಇಂಥ ಡಚೆಸ್ಸರನ್ನು ಸಾಲುಸಾಲಾಗಿ ಬಿಡಿಸಿದ ಪೀಟರ್ ಲೀಲಿ 1661ರಲ್ಲಿ ದೊರೆಯ ಪ್ರಧಾನ ಚಿತ್ರಕಾರನಾದ. ಅವನ ಲಂಡನ್ ಕಾರ್ಯಾಗಾರದಲ್ಲಿ ಭಂಗಿಗಳಿಗೆ ನಂಬರ್ ಇತ್ತು. ಶ್ರೀಮತಿಯವರು ನಂಬರ್ ಆರಿಸಿ ಕೂತರೆ ಅವನು ಮುಖ ಬಿಡಿಸುತ್ತಿದ್ದ. ಬಟ್ಟೆ, ಹೂ, ಹಿಂದಿನ ಮರಗಿಡವೆಲ್ಲ ಬಹುಮಟ್ಟಿಗೆ ಸಹಾಯಕರ ಪಾಲು. 1680ರಲ್ಲಿ ಅವನು ಸತ್ತ ಮೇಲೆ ಅರ್ಧಕ್ಕೆ ನಿಂತಿದ್ದ ಚಿತ್ರಗಳನ್ನು ಸಹಾಯಕರಿಂದಲೇ ಮುಗಿಸಿ ಸಾಗಿಸಿದರು. ಅವನಿಗೆ ಮುಂಚಿನ ಆಸ್ಥಾನ ಚಿತ್ರಕಾರ ವ್ಯಾನ್ ಡೈಕ್ ಕೂಡ ಒಬ್ಬೊಬ್ಬರಿಗೆ ಒಂದು ಸಲಕ್ಕೆ ಒಂದು ಗಂಟೆಗಿಂತ ಹೆಚ್ಚು ಕೊಡುತ್ತಿರಲಿಲ್ಲವಂತೆ. ಕೈಗಳಿಗೆ ಸಂಬಳದ ಮಾದರಿಗಳಿದ್ದರು. ಹೀಗಾಗಿ ನೀವು ಮೆಚ್ಚಿ ಕೊಂಡ ಕೌಂಟೆಸ್‌ಳ ನಾಜೂಕು ಬೆರಳು ಯಾವ ಕೂಲಿಯವಳದೋ ಬಲ್ಲವರಾರು.

ಲೀಲಿಯ ಮುಖಗಳಾದರೂ ಬೇರೆಬೇರೆಯೇ? ದೊರೆಯ ಪ್ರಿಯತಮೆ ಬಾರ್ಬರಾ ವಿಲಿಯರ್ಸ್‌ಳ ಅರೆನಿದ್ದೆಯ ಕಣ್ಣು ಫ್ಯಾಷನ್ ಆಯಿತು ನೋಡಿ, ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ ಈಗಲೂ ನೇತಾಡುವ 'ವಿಂಡ್ಸರ್ ಸುಂದರಿಯರು' (ಲೀಲಿ ಬಿಡಿಸಿದ ಆಸ್ಥಾನದ ಹೆಂಗಸರ ಚಿತ್ರಮಾಲೆ) ಎಲ್ಲರಿಗೂ ಅದೇ ರೆಪ್ಪೆ, ಅದೇ ಜೋಡಿಗಲ್ಲ. ಊರಿಗೊಬ್ಬಳೇ ಪದ್ಮಾವತಿ ಅನ್ನುತ್ತಾರಲ್ಲ, ಇಲ್ಲಿ ಅರಮನೆಗೆಲ್ಲ ಅವಳೊಬ್ಬಳೇ. 1668ರಲ್ಲಿ ಇವನ್ನು ನೋಡಿದ ಲಂಡನ್ನಿನ ಸರಕಾರಿ ಅಧಿಕಾರಿ ಸ್ಯಾಮ್ಯುಯೆಲ್ ಪೀಪ್ಸ್, ಚಿತ್ರ ಚೆನ್ನಾಗಿದೆ, ಹೋಲಿಕೆ ಇಲ್ಲ ಎಂದು ದಿನಚರಿಯಲ್ಲಿ ಗೀಚಿ ಮುಂದೆ ಹೋದ.

ನಕಲು ಚಿತ್ರಗಳಿಗೆ ಹೆಸರಾದ, ಚೀನಾದ ಶೆನ್‌ಜೆನ್ ಪಕ್ಕದ ದಾಫೆನ್ ಹಳ್ಳಿಯಲ್ಲಿ 1989ರಿಂದ ನಡೆದಿರುವುದೂ ಇದೇ ಕೆಲಸ ಹಂಚಿಕೆ: ಒಬ್ಬನಿಗೆ ಆಕಾಶ, ಇನ್ನೊಬ್ಬನಿಗೆ ಬಟ್ಟೆ. ಲೀಲಿಗೆ ಅದಕ್ಕಾಗಿ 'ಸರ್' ಪದವಿ ಬಂತು. ದಾಫೆನ್‌ನವನಿಗೆ ಚಿತ್ರದ ಲೆಕ್ಕದಲ್ಲಿ ಕೂಲಿ.

ಈಗಿನ ಹೊಸ ಸೌಕರ್ಯ ಎಂದರೆ ನಿಮ್ಮದೇ ಮುಖ. ಫೋಟೊ ಕಳಿಸಿ, ಭಂಗಿ ಆರಿಸಿದರೆ ನಿಮ್ಮ ಹೆಂಡತಿಯೇ ಕೌಂಟೆಸ್. ಮೂಲದಲ್ಲಿ ಬೆಳಕು ಎಡ ಮೇಲ್ಗಡೆಯಿಂದ ಬಂದಿದ್ದರೆ ಫೋಟೊದ ಬೆಳಕೂ ಅಲ್ಲಿಂದಲೇ ಬರಬೇಕು, ಫ್ಲ್ಯಾಶ್ ಬೇಡ, ಹಲ್ಲು ಕಾಣಕೂಡದು, ಕ್ಯಾಮೆರಾ ಆರಡಿ ದೂರವಾದರೂ ಇರಬೇಕು. ಯಾರೂ ಕೇಳುವುದಿಲ್ಲ. ಮೂಗು ದಪ್ಪಗೆ ಬಂದ ಸೆಲ್ಫಿಯನ್ನೇ ಕಳಿಸುತ್ತಾರೆ, ಆಮೇಲೆ ತಿದ್ದುಪಡಿ ಕೇಳುತ್ತಾರೆ. ಗಲ್ಲ ಒಂದೇ ಇರಲಿ, ಕಣ್ಣು ಪೂರ್ತಿ ತೆರೆದಿರಲಿ, ಕತ್ತಿನ ಕೆಳಗೆ ಸ್ವಲ್ಪ ಬಟ್ಟೆ ಏರಿಸಿ, ಬಣ್ಣ ಇನ್ನೂ ಬೆಳ್ಳಗೆ ಮಾಡಿ. ಪಾಪ, ನಕಲುಗಾರ ಎಲ್ಲವನ್ನೂ ಮಾಡಿಕೊಡುತ್ತಾನೆ. ಕೊನೆಗೆ ಕ್ಯಾನ್ವಾಸಿನಲ್ಲಿ ಕೌಂಟೆಸ್‌ಳೂ ಇಲ್ಲ, ಹೆಂಡತಿಯೂ ಇಲ್ಲ. ಪ್ರಮಾಣಪತ್ರದಲ್ಲಿ ಮಾತ್ರ ಇಬ್ಬರೂ ಅಸಲಿ.