ಸೂಕ್ಷ್ಮಾಣು ದ್ರಾವಣ ಲಸಿಕೆಗೆ ಬದಲಿಯಲ್ಲ: ಸ್ಪಷ್ಟನೆ

ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾದ ದ್ರಾವಣವನ್ನು ಕೋಳಿ ಶೆಡ್ಡಿನ ಹಾಸಿಗೆಗೆ (ನೆಲಕ್ಕೆ ಹರಡಿದ ಭತ್ತದ ಹೊಟ್ಟಿಗೆ) ಸಿಂಪಡಿಸಿದರೆ ಕೋಳಿಗಳ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆಯೇ ಬೇಡವೆಂಬ ಸಂದೇಶವೊಂದು ದಾವಣಗೆರೆ, ಹರಿಹರದ ಕೋಳಿ ಸಾಕಣೆದಾರರ ನಡುವೆ ಹರಿದಾಡುತ್ತಿದ್ದು, ಅದು ಅಪಾಯಕಾರಿಯಾದ ತಪ್ಪು ಮಾಹಿತಿ. ಕೊಕ್ಕರೆ ರೋಗ ವೈರಸ್‌ನಿಂದ ಬರುವಂಥದ್ದು. ಹಾಸಿಗೆಯ ಮೇಲಿನ ಬ್ಯಾಕ್ಟೀರಿಯಾ ಲಸಿಕೆಯ ಕೆಲಸ ಮಾಡಲಾರದು.

ಹಾಗೆಂದು ದ್ರಾವಣ ವ್ಯರ್ಥವೆಂದಲ್ಲ. ಹಿಕ್ಕೆಯಲ್ಲಿನ ಯೂರಿಕ್ ಆಮ್ಲವನ್ನು ಕೆಲವು ಬ್ಯಾಕ್ಟೀರಿಯಾಗಳು ಒಡೆದಾಗ ಕಣ್ಣುರಿಸುವ ಅಮೋನಿಯಾ ಹುಟ್ಟುತ್ತದೆ. ದ್ರಾವಣದಲ್ಲಿರುವ ಲ್ಯಾಕ್ಟಿಕ್ ಆಮ್ಲ ತಯಾರಿಸುವ ಸೂಕ್ಷ್ಮಾಣುಗಳು ಹಾಸಿಗೆಯ ಕ್ಷಾರೀಯತೆಯನ್ನು ತಗ್ಗಿಸಿ ಅಮೋನಿಯಾವನ್ನು ಕಡಿಮೆ ಮಾಡಬಲ್ಲವು, ಆದರೆ ಫಲಿತಾಂಶ ಎಲ್ಲ ಶೆಡ್ಡುಗಳಲ್ಲೂ ಒಂದೇ ತೆರನಾಗಿರುವುದಿಲ್ಲ. ಭತ್ತದ ಹೊಟ್ಟಿನ ತೇವಾಂಶ ಶೇ. 20ರಿಂದ 25ರೊಳಗಿರಬೇಕು. ಮುಷ್ಟಿಯಲ್ಲಿ ಹಿಂಡಿದ ಹೊಟ್ಟು ಕೈ ಬಿಚ್ಚಿದರೂ ಉಂಡೆಯಾಗಿಯೇ ಉಳಿದರೆ, ಸಿಂಪಡಣೆಗಿಂತ ಮೊದಲು ಕೋಳಿಗಳು ನೀರು ಕುಡಿಯುವ ಸೋರುವ ನಿಪ್ಪಲ್ ಸರಿಪಡಿಸಿ, ಹಾಸಿಗೆ ಕೆದರಿ, ಗಾಳಿಯಾಡಿಸಬೇಕು. ದ್ರಾವಣಕ್ಕೆ ಕ್ಲೋರಿನ್ ಬೆರೆಸಿದ ನೀರನ್ನು ಬಳಸಕೂಡದು. ಲಸಿಕೆಯ ದಿನಾಂಕಗಳನ್ನು ಪಶುವೈದ್ಯರಿಂದಲೇ ಕೇಳಿ ಪಡೆಯಿರಿ.