ಆ ಬಾತು ಯಾರ ಮಗ?

ಮೂರು ವಾರದಿಂದ ನಮ್ಮ ಹಕ್ಕಿ ಗುಂಪಿನಲ್ಲಿ ಒಂದೇ ಜಗಳ. ಕೋಲಾರದ ಹತ್ತಿರದ ಕೆರೆಯೊಂದರಲ್ಲಿ ಕಂಡ ಬಾತು. ಫೋಟೋ ಬಿದ್ದ ತಕ್ಷಣ ಒಬ್ಬರು "ಮಲ್ಲಾರ್ಡ್!" (ಒಂದು ಜಾತಿಯ ಕಾಡು ಬಾತು) ಎಂದರು. ಇನ್ನೊಬ್ಬರು "ಅಪರೂಪದ ಹೈಬ್ರಿಡ್", ಅಂದರೆ ಎರಡು ಜಾತಿಯ ಬೆರಕೆ, ಎಂದರು. ಚಪ್ಪಾಳೆಯ ಇಮೋಜಿಗಳು ಸುರಿದವು. ಹಕ್ಕಿಯನ್ನು ನೆಟ್ಟಗೆ ನೋಡಿದವರು ಒಬ್ಬರೂ ಇರಲಿಲ್ಲ, ನಾನೂ ಸೇರಿ.

ಗುರುತು ಸಿಗದಿದ್ದರೆ ಹೈಬ್ರಿಡ್ ಅಂದುಬಿಡುವುದು ಈಗ ಚಟವಾಗಿದೆ. ನನಗೂ ಇತ್ತು. ನಂದಿ ಬೆಟ್ಟದಲ್ಲಿ ಒಮ್ಮೆ ಜುಟ್ಟಿದ್ದೂ ಕಣ್ಣ ಹಿಂದೆ ಕೆಂಪಿಲ್ಲದ, ಬಾಲದ ಬುಡ ಕಿತ್ತಳೆ ಬಣ್ಣದ ಪಿಕಳಾರವನ್ನು ನೋಡಿ ಎರಡು ಜಾತಿಯ ಬೆರಕೆ ಅಂತ ಸಾರಿದ್ದೆ. ಅದು ಕೆಮ್ಮೀಸೆ ಪಿಕಳಾರದ ಎಳೆ ಹಕ್ಕಿ. ಆ ಕೆಂಪು ಅದಕ್ಕಿನ್ನೂ ಬಂದಿರಲಿಲ್ಲ, ಅಷ್ಟೇ. ಪಕ್ಕದವರು ನಕ್ಕಿದ್ದು ಇನ್ನೂ ಕಿವಿಯಲ್ಲಿದೆ.

ಹಾಗಾಗಿ ಈ ಸಲ ಸ್ಕೋಪ್ (ದೂರದ ಹಕ್ಕಿ ನೋಡುವ ದುರ್ಬೀನು) ಹೊತ್ತು ನಾನೇ ಹೋದೆ. 2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಲಕ್ಷ್ಮೀಸಾಗರ ಕೆರೆಗೆ ಬಂದು, ಒಂದೊಂದೇ ಕೆರೆ ತುಂಬುತ್ತಾ ಹೋದ ಮೇಲೆ ನಮ್ಮ ಕಡೆ ಬಾತು ನೋಡಲು ಜಾಗಕ್ಕೆ ಬರವಿಲ್ಲ. (ಆ ನೀರು ಎಷ್ಟು ಶುದ್ಧ ಅನ್ನುವ ಜಗಳ ಇನ್ನೊಂದು ದಿನಕ್ಕಿರಲಿ.)

ಎರಡು ಗಂಟೆ ಕೂತೆ. ದೂರಕ್ಕೆ ಅಪ್ಪಟ ವರಟೆ, ಅಂದರೆ ನಾವೆಲ್ಲ ಸ್ಪಾಟ್‌ಬಿಲ್ ಅನ್ನುವ ಬಾತು. ಕಪ್ಪು ಕೊಕ್ಕು, ತುದಿಗೆ ಹಳದಿ. ಕೊಕ್ಕಿನ ಬುಡದಲ್ಲಿ ಕೆಂಪು ಬೊಟ್ಟಿಲ್ಲ. ಹೆಣ್ಣಿಗೆ ಅದು ಮಸುಕು, ಹಾಗಾಗಿ ಅದೊಂದರಿಂದ ಏನೂ ತೀರ್ಮಾನವಾಗದು. ಮೈಮೇಲಿನ ಮೀನಿನ ಹುರುಪೆಯಂಥ ಗುರುತು ಕಲಸಿಹೋಗಿತ್ತು. ಎದೆಯ ಮೇಲೆ ಅಂಗೈಯಗಲ ಬಿಳಿ, ಉಣ್ಣಿಸುವಾಗ ಮಗುವಿನ ಕತ್ತಿಗೆ ಕಟ್ಟುವ ಬಟ್ಟೆಯ ಹಾಗೆ. ಬಿಳಿ ಮಾತ್ರ ಇದ್ದಿದ್ದರೆ ಬಣ್ಣಗೇಡು ಅನ್ನಬಹುದಿತ್ತು, ಹೀಗೆ ಗರಿಗೆ ಬಣ್ಣ ಕೂಡದ ಲೂಸಿಸಂ ಇರುವ ಹಕ್ಕಿಗಳು ಬೇಕಾದಷ್ಟಿವೆ. ಗುಂಪಿನಲ್ಲಿ ರೆಕ್ಕೆಯ ಹೊಳೆಯುವ ಪಟ್ಟಿ ನೀಲಿ, ಅದಕ್ಕೇ ಮಲ್ಲಾರ್ಡ್ ಅಂತ ವಾದ. ದಯವಿಟ್ಟು ಅದನ್ನೊಂದೇ ನಂಬಬೇಡಿ. ವರಟೆಯ ಹಸಿರು ಪಟ್ಟಿ ಕೂಡ ಬಿಸಿಲು ಬೀಳುವ ಕೋನ ಬದಲಾದರೆ ನೀಲಿ, ನೇರಳೆ ಆಗುತ್ತದೆ. ನನ್ನ ಕಣ್ಣೆದುರೇ ಮೂರು ಸಲ ಬಣ್ಣ ಬದಲಾಯಿತು.

ಆಮೇಲೆ ಅದು ಬೆನ್ನು ತಿರುಗಿಸಿತು. ಬಾಲದ ಮೇಲೆ ಸುರುಳಿ ಸುತ್ತಿಕೊಂಡ ಕಪ್ಪು ಗರಿ! ವರಟೆಗೆ ಅದು ಇರುವುದಿಲ್ಲ. ಗಂಡು ಮಲ್ಲಾರ್ಡ್‌ಗೆ ಇರುತ್ತದೆ, ಅದರಿಂದಲೇ ಬಂದ ಸಾಕು ಬಾತಿನ ಗಂಡಿಗೂ ಇರುತ್ತದೆ. ಕೊಕ್ಕು ಒಂದು ಕಡೆಯದು, ಬಾಲ ಇನ್ನೊಂದು ಕಡೆಯದು. ಕಾಡು ಮಲ್ಲಾರ್ಡ್ ನಮ್ಮ ಕಡೆ ಬರುವುದೇ ಅಪರೂಪ. ಕೆರೆ ಏರಿಯ ಕೆಳಗೆ ಸಾಕು ಬಾತುಗಳ ಹಿಂಡೇ ಇದೆ. ಬಿಳಿ ಎದೆ, ಜೋತ ಹೊಟ್ಟೆ ಸೇರಿಸಿ ಲೆಕ್ಕ ಹಾಕಿದರೆ ಅಪ್ಪ ಅಮ್ಮಂದಿರಲ್ಲಿ ಒಬ್ಬರು ಆ ಹಿಂಡಿನವರೇ.

ಇದನ್ನು ಗುಂಪಿನಲ್ಲಿ ಹಾಕಿದ್ದಕ್ಕೆ "ಖುಷಿ ಹಾಳು ಮಾಡಿದಿರಿ" ಎಂದರು. ಇರಲಿ. ಕಂಡ ಹಕ್ಕಿಗಳ ಲೆಕ್ಕ ಬರೆದಿಡುವ ಜಾಲತಾಣ ಇ-ಬರ್ಡ್‌ನಲ್ಲಿ ಮಲ್ಲಾರ್ಡ್ ಅಂತ ಹಾಕಿದ್ದರೆ ಕೋಲಾರದ ಮ್ಯಾಪಿನ ಮೇಲೆ ಒಂದು ಸುಳ್ಳು ಚುಕ್ಕೆ ಕೂರುತ್ತಿತ್ತು, ಅಲ್ವಾ? ಹೈಬ್ರಿಡ್ ಅಂತ ಹಾಕಲು ಅಲ್ಲಿ ದಾರಿ ಇದೆ. ಏನೂ ಗೊತ್ತಾಗದಿದ್ದರೆ "ಯಾವುದೋ ಬಾತು" ಅಂತ ಹಾಕಲೂ ಇದೆ. ಇನ್ನು ಈ ಬೆರಕೆಗೆ ಸಂಭ್ರಮಪಡಲು ನನಗೆ ಮನಸ್ಸಿಲ್ಲ. ಹವಾಯಿಯ ಕೊಲೋವ ಬಾತು, ಜನ ತಂದು ಬಿಟ್ಟ ಮಲ್ಲಾರ್ಡ್‌ಗಳ ಜೊತೆ ಬೆರೆತು ಬೆರೆತೇ ಅಪಾಯಕ್ಕೆ ಸಿಕ್ಕಿದೆ. ನಮ್ಮ ವರಟೆಗೆ ಆ ಗತಿ ಬಂದಿದೆ ಅಂತ ಹೇಳುತ್ತಿಲ್ಲ, ನಾನು ನೋಡಿದ್ದು ಒಂದೇ ಒಂದು.

ಹೊರಡುವಾಗ ಅದರ ಪಕ್ಕದಲ್ಲೇ ಒಂದು ಅಪ್ಪಟ ವರಟೆ ಈಜುತ್ತಿತ್ತು, ಬೊಟ್ಟು ಮಸುಕು, ಹೆಣ್ಣೇ ಇರಬೇಕು. ಮಳೆಗಾಲ ಮುಗಿದ ಮೇಲೆ ಮತ್ತೆ ಹೋಗುತ್ತೇನೆ. ಹಿಂದೆ ಮರಿಗಳ ಸಾಲಿದ್ದರೆ ಮೊದಲು ಎದೆ ನೋಡುತ್ತೇನೆ.