ಪಲ್ಟಿಗೆ ಅವಸರ ಯಾಕ್ರಿ, ಮೊದ್ಲು ಬೀಳೋದು ಕಲಿಸ್ರಿ

ನಾನು ಗಂಗಾವತಿ ಕಡಿಯಂವ, ಈಗ ಇರೋದು ಅಮೆರಿಕಾದ ಟೆಕ್ಸಾಸ್‌ನ್ಯಾಗ. ಮಗಳು ಇಲ್ಲೇ ಒಂದು ಜಿಮ್ನಾಸ್ಟಿಕ್ಸ್ ಕ್ಲಬ್‌ಗೆ ಹೋಗ್ತಾಳ, ಅಲ್ಲಿ ಊರಾಗ ನಮ್ಮಣ್ಣನ ಮಗ ಪಲ್ಟಿ ಹೊಡಿಯಾದ್ರಾಗ ಭಾರಿ ಹುಷಾರ್. ಎರಡೂ ಕಡೆ ಕಲಿಸೋದು ನೋಡೀನಿ. ನಮ್ಮ ರಾಯಚೂರು ಕೊಪ್ಪಳ ಬಳ್ಳಾರಿ ಹುಡುಗ್ರಿಗೆ ಧೈರ್ಯಕ್ಕೂ ಕಮ್ಮಿ ಇಲ್ಲ ತಾಕತ್ತಿಗೂ ಕಮ್ಮಿ ಇಲ್ಲ, ಒಂದು ಕಲಿತ ಮ್ಯಾಲ ಇನ್ನೊಂದು ಅನ್ನೋ ಕ್ರಮ ಮಾತ್ರ ಯಾರೂ ಹಾಕಿಕೊಡವಲ್ರು, ನನ್ನ ಸಂಕಟ ಇದ.

ಮೊನ್ನೆ ಫೋನ್‌ನ್ಯಾಗ ನಮ್ಮಣ್ಣನ ಮಗ ಕೇಳಿದ, "ಕಾಕಾ, ತಂಗಿ ಇಷ್ಟು ದಿನದಿಂದ ಕ್ಲಾಸಿಗೆ ಹೋಗಾಕತ್ತಾಳ, ಇನ್ನೂ ಬ್ಯಾಕ್ ಫ್ಲಿಪ್ ಹೊಡಿಯಂಗಿಲ್ಲೇನು?" ಹೊಡಿಯಂಗಿಲ್ಲಪಾ ಅಂದೆ. ಇಲ್ಲಿ ಲೆವೆಲ್ 1ರಿಂದ 10ರ ತನಕ ಮಾಡ್ಯಾರ, ಲೆವೆಲ್ 3ರಾಗ ರೌಂಡ್ ಆಫ್ (ಪಕ್ಕಕ್ಕ ಕೈ ಊರಿ ತಿರುಗಿ, ಎರಡೂ ಕಾಲು ಕೂಡಿಸಿ ಇಳಿಯೋದು) ಮಾಡಿ ಒಂದು ಬ್ಯಾಕ್ ಹ್ಯಾಂಡ್‌ಸ್ಪ್ರಿಂಗ್ (ಹಿಂದಕ್ಕ ಹಾರಿ, ಕೈ ಊರಿ, ತಿರುಗಿ ಕಾಲ ಮ್ಯಾಲ ನಿಲ್ಲೋದು), ಲೆವೆಲ್ 5ಕ್ಕ ಬಂದ ಮ್ಯಾಲನ ಅದರ ಹಿಂದ ಬ್ಯಾಕ್ ಟಕ್, ಅಂದ್ರ ಕೈ ಊರದ ಹಿಂದಕ್ಕ ಹೊಡಿಯೋ ಪಲ್ಟಿ, ನಾವು ಬ್ಯಾಕ್ ಫ್ಲಿಪ್ ಅಂತೀವಲ್ಲ ಅದು. ಅಂವ ಅದನ್ನ ಮನಿ ಕಟ್ಟೋ ಜಾಗದಾಗ ಸುರಿದ ಉಸುಕಿನ ಗುಂಪಿ ಮ್ಯಾಲ ದೊಡ್ಡ ಹುಡುಗ್ರನ್ನ ನೋಡಿ ಕಲ್ತಾನ.

ಈ ಬ್ಯಾಕ್ ಹ್ಯಾಂಡ್‌ಸ್ಪ್ರಿಂಗ್ ಒಂದನ್ನ ಇಲ್ಲಿ ಹೆಂಗ ಕಲಿಸ್ತಾರ ಹೇಳ್ತೀನಿ ಕೇಳ್ರಿ. ಮೊದ್ಲು ನೆಲದ ಮ್ಯಾಲ ಅಂಗಾತ ಮಲಗಿಸಿ, ಸೊಂಟ ನೆಲಕ್ಕ ಒತ್ತಿ, ಭುಜ ಕಾಲು ಎರಡೂ ಸ್ವಲ್ಪ ಎತ್ತಿ ಹಿಡಿ ಅಂತಾರ, ಹಾಲೋ ಅಂತ ಅದರ ಹೆಸರು, ನೋಡಿದ್ರ ಏನೂ ಇಲ್ಲ ಅನಿಸ್ತೈತಿ, ಮಾಡಿದ್ರ ಹೊಟ್ಟಿ ನಡಗ್ತೈತಿ. ಆಮ್ಯಾಲ ಗ್ವಾಡಿ ಕಡೆ ಹೊಟ್ಟಿ ಮಾಡಿ ಹ್ಯಾಂಡ್‌ಸ್ಟ್ಯಾಂಡ್, ಅಂದ್ರ ಕೈ ಮ್ಯಾಲ ತಲಿಕೆಳಗಾಗಿ ನಿಲ್ಲೋದು, ತೋಳು ಕಿವಿಗೆ ಹತ್ತಿರಬೇಕು, ಮೊಳಕೈ ಮಡಚಬಾರ್ದು. ಆಮ್ಯಾಲ ಕೈ ಕಾಲು ಊರಿ ಬೆನ್ನು ಕಮಾನಿನಂಗ ಎತ್ತೋ ಬ್ರಿಡ್ಜ್, ಬ್ರಿಡ್ಜಿನಿಂದ ಕಾಲು ದಾಟಿಸೋದು, ದುಂಡನ ಡ್ರಮ್ಮಿನಂಥಾ ಮ್ಯಾಟ್ ಮ್ಯಾಲ ಹಿಂದಕ್ಕ ಉರುಳೋದು. ಅದಾದ ಮ್ಯಾಲ ಕೋಚ್ ಬಾಜೂಕ ಮೊಳಕಾಲೂರಿ, ಒಂದು ಕೈ ಸೊಂಟದ ಹಿಂದ, ಇನ್ನೊಂದು ತೊಡಿ ಹಿಂದ ಇಟ್ಟು ದಾಟಿಸ್ತಾರ. ಹಿಂದ ಕುರ್ಚಿ ಐತಿ ಅಂದ್ಕೊಂಡು ಕೂಡು, ಬೀಳೂ ಮೊದ್ಲು ಕಾಲಿಂದ ಒದ್ದು ಹಾರು ಅಂತಾರ. ಮೊಳಕಾಲು ಮುಂದಕ್ಕ ಹೋದ್ರ ಹಾರಿಕೆ ಉದ್ದ ಬರಂಗಿಲ್ಲ, ಕೈ ಕಾಲ ಹತ್ರನ ಬೀಳ್ತಾವು. ಅಂಜಿ ತಲಿ ಮೊದ್ಲು ಹಿಂದಕ್ಕ ಒಗದ್ರಂತೂ ಬೆನ್ನು ಬಾಗಿ, ತೋಳು ಮಡಚಿ, ಭಾರ ಎಲ್ಲಾ ಕುತ್ತಿಗಿ ಮ್ಯಾಲ. ಅದಕ್ಕ ಹ್ಯಾಂಡ್‌ಸ್ಟ್ಯಾಂಡ್‌ನ್ಯಾಗ ತೋಳು ಗಟ್ಟಿ ಇಲ್ಲದ ಕೂಸಿಗೆ ಎಷ್ಟ ಹಟ ಮಾಡಿದ್ರೂ ಹಿಂದಕ್ಕ ಹಾರಾಕ ಬಿಡಂಗಿಲ್ಲ. ಇದು ನನಗ ಭಾಳ ಸೇರಿದ್ದು.

ಹಂಗಂತ ಇಲ್ಲಿದೆಲ್ಲಾ ಚೊಲೋ ಅಂತ ನಾನು ಒಪ್ಪಂಗಿಲ್ಲ. ಸ್ಪ್ರಿಂಗ್ ಫ್ಲೋರ್, ಗಾಳಿ ತುಂಬಿದ ಏರ್‌ಟ್ರ್ಯಾಕ್, ಮೆತ್ತನ ಫೋಮ್ ತುಂಡು ತುಂಬಿದ ಕುಣಿ (ಫೋಮ್ ಪಿಟ್) ಎಲ್ಲಾ ಐತಿ, ಆದ್ರ ಏರ್‌ಟ್ರ್ಯಾಕೇ ಎತ್ತಿ ಹಾರಿಸೋದ್ರಿಂದ ಕಾಲಿಗೆ ಕೆಲಸ ಕಮ್ಮಿ, ಅದರ ಮ್ಯಾಲ ಬಂದದ್ದು ನೆಲದ ಮ್ಯಾಲ ಬರಂಗಿಲ್ಲ. ಉಸುಕು ಹಂಗಲ್ಲ, ತಿರುಗಿ ಎತ್ತಂಗಿಲ್ಲ, ಹಾರಬೇಕಂದ್ರ ಕಾಲಿಂದನ ಹಾರಬೇಕು, ನಮ್ಮ ಹುಡುಗ್ರ ಹಾರಿಕೆ ಎತ್ತರ ಇರೋದು ಅದಕ್ಕ. ಇನ್ನ ಇಲ್ಲಿ ಕೂಸುಗಳು ಸಾಲಾಗಿ ನಿಂತು ಪಾಳಿ ಕಾಯೋದ ಜಾಸ್ತಿ. ನಮ್ಮಲ್ಲಿ ದೊಡ್ಡಂವ ಸಣ್ಣಂವನ್ನ ಹಿಡಕೊಂಡು ಕಲಿಸ್ತಾನ, ಫೀಸಿಲ್ಲ, ಪಾಳಿಯಿಲ್ಲ. ಅದನ್ನ ಕಳಕೋಬಾರ್ದು. ಆದ್ರ ಉಸುಕಿನ ಮ್ಯಾಲ ಕೈ ಊರೋ ಆಟ ಬ್ಯಾಡ, ಅಂಗೈ ಒಳಗ ಹೂತು ಮಣಿಕಟ್ಟು ತಿರುವ್ತೈತಿ, ಹುಡುಗ್ರ ಎಲುಬು ಬೆಳಿಯೋ ಭಾಗ ಅಲ್ಲೇ ಇರ್ತೈತಿ.

ಮ್ಯಾಟ್ ಇಲ್ಲ ಅನ್ನೋರಿಗೆ ಕೇಳ್ತೀನಿ, ಹಾಲೋ ಮಾಡಾಕ ಏನು ಬೇಕ್ರಿ? ಗ್ವಾಡಿ ಪ್ರತಿ ಶಾಲ್ಯಾಗೂ ಐತಿ. ಎರಡು ಹತ್ತಿ ಗಾದಿ ಹಾಸಿ, ಒಂದು ಕಡೆ ಕೆಳಗ ಜ್ವಾಳದ ಚೀಲ ಇಟ್ಟು ಇಳಿಜಾರು ಮಾಡಿದ್ರ ಹಿಂದಿನ ಉರುಳಿಗೆ ಸಾಕು, ಇಳಿಜಾರ ಉರುಳಸ್ತೈತಿ, ಕುತ್ತಿಗಿ ಮ್ಯಾಲ ಭಾರ ಬೀಳೋದೂ ಕಮ್ಮಿ. ಜಿಮ್ನಾಸ್ಟ್ ದೀಪಾ ಕರ್ಮಾಕರ್‌ನ್ನ ನೋಡ್ರಿ, ಬಂದದ್ದು ಅಗರ್ತಲಾದಿಂದ. ಆಕಿ ಪಾದ ಸಣ್ಣಾಕಿದ್ದಾಗ ಚಪ್ಪಟೆ ಇದ್ವು, ಕೋಚ್ ಬಿಶ್ವೇಶ್ವರ ನಂದಿ ಅವ್ರು ಮೊದ್ಲು ಆ ಪಾದ ಸರಿ ಮಾಡೋ ಕೆಲಸಕ್ಕ ಕೂತ್ರು. 2016ರ ರಿಯೋ ಒಲಿಂಪಿಕ್ಸ್‌ನ್ಯಾಗ ವಾಲ್ಟ್‌ನ್ಯಾಗ (ಓಡಿ ಬಂದು ಮೇಜಿನಂಥಾದ್ದರ ಮ್ಯಾಲ ಕೈ ಊರಿ ಹಾರೋದು) 15.066 ಅಂಕ, ನಾಲ್ಕನೇ ಜಾಗ, ಕಂಚು ತಪ್ಪಿದ್ದು ಬರೇ 0.150ರಾಗ. ಗಾಳ್ಯಾಗ ಮುಂದಕ್ಕ ಎರಡು ಪಲ್ಟಿ ಹೊಡಿಯೋ ಪ್ರೊಡುನೋವಾದಂಥಾ ವಾಲ್ಟ್ ಮಾಡಿದಾಕಿಗೂ ಶುರುವಾತು ಪಾದದಿಂದನ.

ಅಷ್ಟ್ಯಾಕ, ನಮ್ಮ ತೋರಣಗಲ್ಲಿನ ಹತ್ರ 2018ರಾಗ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಶುರುವಾತಲ್ಲ, ಅಲ್ಲಿ ಜೂಡೋ ಐತಿ, ಎದುರಾಳಿನ ಹಿಡಿದು ಕೆಡವೋ ಕುಸ್ತಿಯಂಥಾ ಆಟ. ಜೂಡೋ ಎಲ್ಲೇ ಕಲೀರಿ, ಮೊದಲ ಪಾಠ ಬೀಳೋದು, ಗದ್ದ ಎದಿಗೆ ಹಚ್ಚಿ ತಲಿ ನೆಲಕ್ಕ ಬಡೀದಂಗ ಬೀಳೋದು. ಪಲ್ಟಿ ಕಲಿಸೋರು ಅದ ಪಾಠದಿಂದ ಯಾಕ ಶುರು ಮಾಡಬಾರ್ದು?

ನನಗ ಸಿಟ್ಟು ಬರೋದು ಎರಡಕ್ಕ. ಒಂದು, ಕೂಸಿನ ಬೆನ್ನ ಮ್ಯಾಲ ಕೂತು, ಕಾಲು ಒತ್ತಿ ಸ್ಪ್ಲಿಟ್ (ಎರಡೂ ಕಾಲು ಅಗಲಿಸಿ ನೆಲಕ್ಕ ಹಚ್ಚೋದು) ಮಾಡಿಸೋದು, ಅತ್ತರೂ ಬಿಡದ. ಇದು ನಮ್ಮಲ್ಲಷ್ಟ ಅಲ್ಲ, ಎಲ್ಲೆ ಮಾಡಿದ್ರೂ ತಪ್ಪ. ಇನ್ನೊಂದು ಗ್ಯಾದರಿಂಗ್, ಅಂದ್ರ ಶಾಲಿ ವಾರ್ಷಿಕೋತ್ಸವ. ಸ್ಟೇಜ್ ಮ್ಯಾಲ ಚಪ್ಪಾಳಿ ಬೀಳ್ಲಿ ಅಂತ ಹದಿನೈದು ದಿನದಾಗ ಬ್ಯಾಕ್ ಫ್ಲಿಪ್ ಮಾಡಿಸ್ತಾರ, ಕೆಳಗ ಜಮಖಾನಿ, ಅದರ ಕೆಳಗ ಕಟ್ಟಿಗಿ ಹಲಗಿ. ಪಾಲಕರು ಮುಂದಿನ ಸಾಲಿನ್ಯಾಗ ಮೊಬೈಲ್ ಹಿಡಕೊಂಡು ಕುಂತಿರ್ತಾರ. ಈ ವರ್ಷ ಗ್ಯಾದರಿಂಗ್ ತಯಾರಿ ಶುರುವಾಗೂ ಮೊದ್ಲ ಪಿಟಿ ಮಾಸ್ತರ್ ಹತ್ರ ಹೋಗಿ ಹೇಳ್ರಿ, ಸರ್, ನಮ್ಮ ಹುಡುಗನ ಕೈಲಿ ಹ್ಯಾಂಡ್‌ಸ್ಟ್ಯಾಂಡ್ ಮಾಡಸ್ರಿ, ಅದರಿಂದ ಮುಂದಕ್ಕ ಉರುಳಸ್ರಿ, ಗಾಲಿಯಂಗ ಪಕ್ಕಕ್ಕ ತಿರುಗೋ ಕಾರ್ಟ್‌ವೀಲ್ ಚಂದಾಗಿ ಮಾಡಸ್ರಿ, ಬ್ಯಾಕ್ ಫ್ಲಿಪ್ ಈಗ ಬ್ಯಾಡ. ನಮ್ಮಣ್ಣಗ ನಾನು ಆಗಲೇ ಹೇಳೀನಿ, ಅಂವ ಸೋಮವಾರ ಹೋಗ್ತೀನಿ ಅಂದಾನ.